ಕಣ್ಣಿಗೆ ಕಾಣದ ಸರಕಿಗೆ ಅಳತೆಗೋಲು

ನಾವು ವಾಸಿಸುವ ಹೇರೋಹಳ್ಳಿಯು ಬೆಂಗಳೂರು ನಗರದೊಳಗೆ ಸೇರಿಹೋಗಿದ್ದರೂ ಹಳ್ಳಿಯೆಂಬ ಹೆಸರನ್ನೂ ಒಂದು ಕೆರೆಯನ್ನೂ ಇನ್ನೂ ಉಳಿಸಿಕೊಂಡಿದೆ. ಬೆಳಗ್ಗೆ ನಮ್ಮ ಬೀದಿಯಿಂದ ಕೆಲಸಕ್ಕೆ ಹೊರಡುವವರಲ್ಲಿ ಸ್ಥೂಲವಾಗಿ ಎರಡು ಪಂಗಡಗಳುಂಟು. ಮೊದಲನೆಯವರು ಬುತ್ತಿಯ ಡಬ್ಬಿಯನ್ನು ಬೈಕಿಗೆ ತೂಗಹಾಕಿಕೊಂಡು ಪೀಣ್ಯದ ಕಾರ್ಖಾನೆಗಳಿಗೆ ಹೋಗತಕ್ಕವರು. ಎರಡನೆಯವರು ಕೊರಳಿಗೆ ಗುರುತಿನ ಚೀಟಿಯನ್ನು ಧರಿಸಿ, ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತು, ಊರಿನ ಮತ್ತೊಂದು ತುದಿಯ ಸಾಫ್ಟ್‌ವೇರ್ ಕಂಪೆನಿಗಳಿಗೆ ಹೋಗತಕ್ಕವರು. ಮೊದಲನೆಯವರ ಕೆಲಸವು ಒಳ್ಳೆಯದೋ ಕೆಟ್ಟದೋ ಎಂಬುದನ್ನು ನಿಮಿಷದಲ್ಲಿ ತಿಳಿಯಬಹುದು. ಲೇತಿನಿಂದ ಇಳಿದ ಉಕ್ಕಿನ ಕಂಬಿಯನ್ನು ಮೈಕ್ರೋಮೀಟರಿನ ದವಡೆಗಳ ನಡುವೆ ಹಿಡಿದರೆ ಕೂದಲೆಳೆಗಿಂತ ಕಡಮೆಯಾದ ವ್ಯತ್ಯಾಸವೂ ಗೊತ್ತಾಗಿಬಿಡುವುದು. ತೂತನ್ನು ಪರೀಕ್ಷಿಸುವುದಕ್ಕೆ ಎರಡು ತಲೆಯ ಗೇಜೊಂದಿರುವುದು. ಅದರ ಒಂದು ತಲೆಯು ತೂತಿನೊಳಕ್ಕೆ ಹೋಗಬೇಕು, ಇನ್ನೊಂದು ಹೋಗಕೂಡದು. ಅಲ್ಲಿಗೆ ವಿವಾದವು ಮುಗಿಯಿತು. ಆದರೆ ಎರಡನೆಯ ಪಂಗಡದವರು ತಯಾರಿಸುವ ಸರಕಿಗೆ ತೂಕವಿಲ್ಲ, ಉದ್ದಗಲಗಳಿಲ್ಲ. ಅದು ಸವೆಯುವುದೂ ಇಲ್ಲ, ತುಕ್ಕು ಹಿಡಿಯುವುದೂ ಇಲ್ಲ. ಅದರ ಗುಣವನ್ನು ಅಳೆಯುವ ಗೇಜು ಯಾವುದು?

ಈ ಪ್ರಶ್ನೆಯು ನಮಗೆ ಕೇವಲ ಕುತೂಹಲದಿಂದ ಹುಟ್ಟಿದುದಲ್ಲವೆಂದು ಮೊದಲೇ ಒಪ್ಪಿಕೊಳ್ಳುವೆವು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಮ್ಮ ವಿಶ್ರಾಂತಿವೇತನದ ಕಾಗದಪತ್ರಗಳು ಒಂದು ಕಛೇರಿಗೆ ಹೋದುವು. ಅಲ್ಲಿಯ ಗಣಕಯಂತ್ರವು ಹೆಸರನ್ನು ಎರಡು ಭಾಗವಾಗಿ ಕೇಳುತ್ತದೆ. ಮೊದಲ ಹೆಸರು ಒಂದು, ಕಡೆಯ ಹೆಸರು ಒಂದು. ನಮಗೆ ಇರುವುದಾದರೋ ಒಂದೇ ಹೆಸರು. ಅದರ ಮುಂದೆ ಊರಿನ ಅಕ್ಷರವೊಂದು, ತಂದೆಯ ಅಕ್ಷರವೊಂದು. ಮೈಸೂರು ಸೀಮೆಯವರಲ್ಲಿ ಬಹುಮಂದಿಯ ಹೆಸರುಗಳು ಹೀಗೆಯೇ ಇರುವುವಷ್ಟೆ. ಗುಮಾಸ್ತರು ಪಾಪ ಏನು ಮಾಡಿಯಾರು! ಒಂದು ದಾಖಲೆಯಲ್ಲಿ ಊರನ್ನು ನಮ್ಮ ಕುಲನಾಮವನ್ನಾಗಿ ಮಾಡಿದರು. ಇನ್ನೊಂದರಲ್ಲಿ ತಂದೆಯವರನ್ನು ನಮ್ಮ ಕುಲನಾಮವನ್ನಾಗಿ ಮಾಡಿದರು. ಯಂತ್ರವು ಇವೆರಡನ್ನೂ ಹೋಲಿಸಿ ನೋಡಿ, ಇವರು ಇಬ್ಬರು ಬೇರೆ ಬೇರೆ ಮನುಷ್ಯರೆಂದು ತೀರ್ಮಾನಿಸಿತು. ಆರು ತಿಂಗಳ ಕಾಲ ನಾವು ಅಲೆದಾಡಿದೆವು. ಹೋದಾಗಲೆಲ್ಲ ಸಿಕ್ಕಿದ ಉತ್ತರವು ಒಂದೇ: "ಸಿಸ್ಟಮ್ ತಗೊಳ್ತಾ ಇಲ್ಲ ಸಾರ್."

ನೆರೆಮನೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಮಗಳಿದ್ದಾಳೆ. ಆಕೆಯದು ಒಂದು ಕಂಪೆನಿಯಲ್ಲಿ ಸಾಫ್ಟ್‌ವೇರನ್ನು ಪರೀಕ್ಷಿಸುವ ಉದ್ಯೋಗ. ನಮ್ಮ ಅಳಲನ್ನು ಕೇಳಿ ಆಕೆ ನಗುತ್ತ, "ಆ ಸಾಫ್ಟ್‌ವೇರು ಕೆಟ್ಟಿಲ್ಲ ಮೇಷ್ಟ್ರೇ. ಹೇಳಿದ ಹಾಗೇನೇ ಕೆಲಸ ಮಾಡ್ತಾ ಇದೆ. ಹೇಳಿದ್ದೇ ತಪ್ಪು" ಎಂದಳು. ನಾವು ಆ ದಿನ ರಾತ್ರಿ ಈ ಮಾತನ್ನೇ ನೆನೆಯುತ್ತ ಬಹಳ ಹೊತ್ತು ಎಚ್ಚರವಾಗಿದ್ದೆವು. ಹೇಳಿದಂತೆ ನಡೆಯುವುದು ಗುಣವೋ, ಬೇಕಾದಂತೆ ನಡೆಯುವುದು ಗುಣವೋ? ಆಮೇಲೆ ವಿಚಾರಿಸಲಾಗಿ, ಈ ಪ್ರಶ್ನೆಯನ್ನು ಪಾಶ್ಚಾತ್ಯ ದೇಶದ ತಜ್ಞರೂ ಬಹುಕಾಲ ಚರ್ಚಿಸಿರುವರೆಂದು ತಿಳಿದುಬಂದಿತು. ಅಮೆರಿಕದ ಫಿಲಿಪ್ ಕ್ರಾಸ್ಬಿ ಎಂಬಾತನು, ಮೊದಲು ಏನು ಬೇಕೆಂದು ನಿಗದಿಯಾಯಿತೋ ಅದಕ್ಕೆ ಸರಿಹೊಂದುವುದೇ ಗುಣವೆಂದನು. ಜೋಸೆಫ್ ಜುರಾನ್ ಎಂಬಾತನು, ಬಳಸುವವನ ಉಪಯೋಗಕ್ಕೆ ಒದಗುವುದೇ ಗುಣವೆಂದನು. ನಮ್ಮ ವಿಶ್ರಾಂತಿವೇತನವು ಈ ಎರಡು ಪಕ್ಷಗಳ ನಡುವಣ ಕಂದಕದಲ್ಲಿ ಬಿದ್ದಿದ್ದಿತು.

ಸಾಫ್ಟ್‌ವೇರ್ ಎಂಬುದು ಯಂತ್ರಕ್ಕೆ ಕೊಡುವ ವಿಧಿಗಳ ಸಮೂಹವೆಂಬುದನ್ನು ವಾಚಕರು ಬಲ್ಲರು. ಹೀಗಾದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು ಎಂಬ ಸಾವಿರಾರು ಅಪ್ಪಣೆಗಳನ್ನು ಮನುಷ್ಯರು ಕುಳಿತು ಬರೆಯುತ್ತಾರೆ. ಬರೆಯುವವರು ಹೆಚ್ಚಿ, ಬರವಣಿಗೆಯು ಬೆಳೆದಂತೆಲ್ಲ ಹೇಳಿದ ಕಾಲಕ್ಕೆ ಮುಗಿಯದಿರುವುದೂ, ಮುಗಿದದ್ದು ಸರಿಯಾಗಿ ನಡೆಯದಿರುವುದೂ ಮಾಮೂಲಾಯಿತು. ೧೯೬೮ರಲ್ಲಿ ಜರ್ಮನಿಯ ಗಾರ್ಮಿಷ್ ಎಂಬ ಊರಿನಲ್ಲಿ ನೇಟೋ ಒಕ್ಕೂಟದ ಆಶ್ರಯದಲ್ಲಿ ಪಂಡಿತರು ಸೇರಿ, ಇದನ್ನೂ ಸೇತುವೆ ಕಟ್ಟುವಂತೆ ಒಂದು ಶಾಸ್ತ್ರವನ್ನಾಗಿ ಮಾಡುವ ಬಗೆಯನ್ನು ಚರ್ಚಿಸಿದರು. ಶಾಸ್ತ್ರವೆಂದ ಮೇಲೆ ಮಾನವು ಬೇಕು. ಅಳೆಯಲಾರದ್ದನ್ನು ಸುಧಾರಿಸಿದೆವೆಂದು ಹೇಳಿಕೊಳ್ಳುವುದು ಕಷ್ಟ.

ಎಲ್ಲರಿಗೂ ಮೊದಲು ಹೊಳೆದ ಮಾನವೆಂದರೆ ಸಾಲುಗಳ ಎಣಿಕೆ. ಇವನು ದಿನಕ್ಕೆ ಇಷ್ಟು ಸಾಲು ಬರೆದನು, ಇವನ ಸಾವಿರ ಸಾಲಿನಲ್ಲಿ ಇಷ್ಟು ದೋಷಗಳಿದ್ದುವು ಎಂಬ ಲೆಕ್ಕ. ನಾವು ಎಳೆಯಂದಿನಲ್ಲಿ ವ್ಯಾಕರಣವನ್ನು ಓದಿದವರಾದುದರಿಂದ ಈ ಲೆಕ್ಕವನ್ನು ಕೇಳಿ ನಮಗೆ ನಗು ಬಂದಿತು. ಪಾಣಿನಿಯು ಒಂದು ಭಾಷೆಯನ್ನೆಲ್ಲ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಕಟ್ಟಿಕೊಟ್ಟವನು. ಸಾಲಿಗಿಷ್ಟೆಂದು ಕೂಲಿ ಕೊಟ್ಟಿದ್ದರೆ ಸೂತ್ರಕಾರನು ಉಪವಾಸವಿದ್ದು ವ್ಯಾಖ್ಯಾನಕಾರನು ಬಂಗಲೆ ಕಟ್ಟಿಸುತ್ತಿದ್ದನು! ದೋಷದ ಲೆಕ್ಕದಲ್ಲಿಯೂ ಇದೇ ತೊಡಕುಂಟು. ಒಬ್ಬನು ಒಂದು ಕೆಲಸಕ್ಕೆ ಹತ್ತು ಸಾವಿರ ಸಾಲು ಬರೆದು ೩೦ ತಪ್ಪು ಮಾಡಿದನೆನ್ನಿ. ಮತ್ತೊಬ್ಬನು ಅದೇ ಕೆಲಸವನ್ನು ಆರು ಸಾವಿರ ಸಾಲಿನಲ್ಲಿ ಮುಗಿಸಿ ೨೪ ತಪ್ಪು ಮಾಡಿದನೆನ್ನಿ. ಸಾವಿರಕ್ಕೆ ಮೊದಲನೆಯವನದು ೩, ಎರಡನೆಯವನದು ೪. ಚಿಕ್ಕದಾಗಿ ಬರೆದು, ಒಟ್ಟಿನಲ್ಲಿ ಕಡಮೆ ತಪ್ಪು ಮಾಡಿದವನೇ ಪಟ್ಟಿಯಲ್ಲಿ ಕೆಳಗಿಳಿಯುವನು. ಈ ಅನ್ಯಾಯವನ್ನು ಕಂಡ ಐ.ಬಿ.ಎಂ. ಕಂಪೆನಿಯ ಆಲನ್ ಆಲ್ಬ್ರೆಕ್ಟ್ ಎಂಬಾತನು ೧೯೭೯ರಲ್ಲಿ ಸಾಲುಗಳನ್ನು ಬಿಟ್ಟು, ಬಳಸುವವನಿಗೆ ದೊರೆಯುವ ಕೆಲಸವನ್ನೇ ಎಣಿಸುವ ಕ್ರಮವೊಂದನ್ನು ಪ್ರಕಟಿಸಿದನು. ಒಳಗೆ ಹೋಗುವ ಮಾಹಿತಿ ಎಷ್ಟು ಬಗೆ, ಹೊರಗೆ ಬರುವುದು ಎಷ್ಟು ಬಗೆ, ಕೇಳಬಹುದಾದ ಪ್ರಶ್ನೆಗಳೆಷ್ಟು, ಕಾಪಾಡಿಡುವ ಕಡತಗಳೆಷ್ಟು ಎಂದು. ಅದಕ್ಕೆ ಮೂರು ವರ್ಷ ಮೊದಲೇ ಥಾಮಸ್ ಮೆಕ್‌ಕೇಬ್ ಎಂಬಾತನು ವಿಧಿಗಳ ಜಟಿಲತೆಯನ್ನು ಕವಲುಗಳಿಂದ ಅಳೆಯಬೇಕೆಂದಿದ್ದನು. ಮನೆಗೆ ನೆಂಟರು ಬಂದರೆ, ಕಾಫಿ ಕುಡಿಯುವವರೇ ಎಂದು ಒಮ್ಮೆ ಕೇಳಬೇಕು; ಸಕ್ಕರೆ ಹಾಕಬಹುದೇ ಎಂದು ಇನ್ನೊಮ್ಮೆ ಕೇಳಬೇಕು. ಕವಲು ಎರಡು, ಆದುದರಿಂದ ಜಟಿಲತೆ ಮೂರು. ಕವಲು ಹೆಚ್ಚಿದಷ್ಟೂ ಪರೀಕ್ಷಿಸಬೇಕಾದ ದಾರಿಗಳು ಹೆಚ್ಚುವುವು, ತಪ್ಪಿಗೆ ಅವಕಾಶವೂ ಹೆಚ್ಚುವುದು.

ನಮಗೆ ಇವೆಲ್ಲಕ್ಕಿಂತ ಸೊಗಸಾಗಿ ಕಂಡುದು, ಇನ್ನೂ ಸಿಕ್ಕದಿರುವ ತಪ್ಪುಗಳನ್ನು ಎಣಿಸುವ ಉಪಾಯ. ಕಾಣದುದನ್ನು ಎಣಿಸುವುದೆಂದರೇನು? ನಮ್ಮ ಹೇರೋಹಳ್ಳಿಯ ಕೆರೆಯಲ್ಲಿ ಎಷ್ಟು ಮೀನುಗಳಿವೆಯೆಂದು ತಿಳಿಯಬೇಕಾಗಿದೆಯೆನ್ನಿ. ನೀರನ್ನೆಲ್ಲ ಬತ್ತಿಸುವಂತಿಲ್ಲ. ಬಲೆ ಬೀಸಿ ೫೦ ಮೀನು ಹಿಡಿದು, ಪ್ರತಿಯೊಂದಕ್ಕೂ ಒಂದು ಗುರುತು ಮಾಡಿ ಮರಳಿ ನೀರಿಗೆ ಬಿಡುವುದು. ಕೆಲವು ದಿನಗಳಾದ ಮೇಲೆ ಮತ್ತೆ ಬಲೆ ಬೀಸುವುದು. ಸಿಕ್ಕಿದ ೪೦ ಮೀನುಗಳಲ್ಲಿ ಗುರುತುಳ್ಳವು ೧೦ ಇದ್ದರೆ, ಕೆರೆಯ ಮೀನುಗಳಲ್ಲಿ ನಾಲ್ಕನೆಯ ಒಂದು ಪಾಲಿಗೆ ಗುರುತಿದೆಯೆಂದಾಯಿತು; ಒಟ್ಟು ಸುಮಾರು ೨೦೦ ಮೀನುಗಳು. ಐ.ಬಿ.ಎಂ.ನ ಹಾರ್ಲನ್ ಮಿಲ್ಸ್ ಎಂಬ ಗಣಿತಜ್ಞನು ೧೯೭೦ರ ದಶಕದಲ್ಲಿ ಇದನ್ನೇ ಸಾಫ್ಟ್‌ವೇರಿಗೆ ಹೊಂದಿಸಿದನು. ಬೇಕೆಂದೇ ಕೆಲವು ತಪ್ಪುಗಳನ್ನು ವಿಧಿಗಳೊಳಗೆ ಬಿತ್ತಿ, ಪರೀಕ್ಷಕರಿಗೆ ತಿಳಿಸದೆ ಹುಡುಕಲು ಕೊಡುವುದು. ಬಿತ್ತಿದವುಗಳಲ್ಲಿ ಎಷ್ಟು ಪಾಲು ಸಿಕ್ಕಿತೋ, ಸಹಜವಾದ ತಪ್ಪುಗಳಲ್ಲಿಯೂ ಸುಮಾರು ಅಷ್ಟೇ ಪಾಲು ಸಿಕ್ಕಿರಬಹುದೆಂದು ಊಹಿಸುವುದು. ಮೀನಿನ ಲೆಕ್ಕವನ್ನು ಇನ್ನೊಂದು ಬಗೆಯಾಗಿಯೂ ಮಾಡಬಹುದು. ಇಬ್ಬರು ಪರೀಕ್ಷಕರು ಒಂದೇ ಬರಹವನ್ನು ಬೇರೆ ಬೇರೆಯಾಗಿ ನೋಡಲಿ. ಒಬ್ಬನಿಗೆ ೨೦ ತಪ್ಪು, ಇನ್ನೊಬ್ಬನಿಗೆ ೧೫, ಇಬ್ಬರಿಗೂ ಸಿಕ್ಕಿದವು ೧೦ ಎಂದಾದರೆ, ಇಪ್ಪತ್ತನ್ನೂ ಹದಿನೈದನ್ನೂ ಗುಣಿಸಿ ಹತ್ತರಿಂದ ಭಾಗಿಸಲು ೩೦ ಬರುವುದು. ಕೈಗೆ ಸಿಕ್ಕಿದ್ದು ೨೫. ಇನ್ನು ಐದು ಎಲ್ಲಿಯೋ ಅಡಗಿವೆ. ಜಾರ್ಜ್ ಪೋಲ್ಯ ಎಂಬ ಪ್ರಖ್ಯಾತ ಗಣಿತಜ್ಞನು ೧೯೭೬ರಲ್ಲಿ ಅಚ್ಚಿನ ಕರಡು ತಿದ್ದುವುದರ ಬಗ್ಗೆ ಇದೇ ಲೆಕ್ಕವನ್ನು ಬರೆದಿದ್ದಾನೆ. ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಈ ಉಪಾಯವು ಮೊದಲೇ ತಿಳಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಎಚ್ಚರಿಕೆಯೊಂದುಂಟು. ಇಬ್ಬರೂ ಒಂದೇ ಗುರುವಿನ ಶಿಷ್ಯರಾಗಿದ್ದು, ಒಂದೇ ಬಗೆಯ ತಪ್ಪನ್ನು ಇಬ್ಬರೂ ಗಮನಿಸದೆ ಬಿಡುವವರಾದರೆ, ಲೆಕ್ಕವು ನಮ್ಮನ್ನು ಮೋಸಗೊಳಿಸುತ್ತದೆ. ಉಳಿದ ತಪ್ಪುಗಳು ನಿಜಕ್ಕಿಂತ ಕಡಮೆಯೆಂದು ತೋರುವುವು. ನಮ್ಮ ಹೆಸರಿನ ವಿಷಯದಲ್ಲಿ ಆದದ್ದೂ ಇದೇ ಇರಬೇಕು. ಬರೆದವರೂ ಪರೀಕ್ಷಿಸಿದವರೂ, ಹೆಸರಿಗೆ ಎರಡು ಭಾಗವಿರುವುದು ಪ್ರಕೃತಿನಿಯಮವೆಂದೇ ನಂಬಿದ್ದಿರಬಹುದು.

ಇರಲಿ. ಸರಕು ಸಿದ್ಧವಾದ ಮೇಲೆ ತಪ್ಪು ಹುಡುಕುವುದಕ್ಕಿಂತ, ತಪ್ಪು ಹುಟ್ಟದಂತೆ ಕೆಲಸದ ಕ್ರಮವನ್ನೇ ತಿದ್ದುವುದು ಲೇಸಲ್ಲವೇ ಎಂದು ಯಾರಿಗಾದರೂ ತೋರುವುದು. ಈ ವಿಚಾರದಲ್ಲಿ ನಮ್ಮ ಹಿರಿಯರು ಹಿಂದೆ ಬಿದ್ದವರಲ್ಲ. ವೇದವನ್ನು ಬಾಯಿಯಿಂದ ಬಾಯಿಗೆ ದಾಟಿಸುವಾಗ ಒಂದು ಸ್ವರವೂ ಕೆಡದಂತೆ ಅವರು ಮಾಡಿದ ಏರ್ಪಾಡನ್ನು ನೋಡಿರಿ. ಪದಪಾಠದಲ್ಲಿ ಪ್ರತಿಯೊಂದು ಪದವನ್ನೂ ಬಿಡಿಸಿ ಹೇಳುವರು. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು ಎಂದು ಜೋಡಿಸಿ ಹೇಳುವರು. ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದುಮುಂದಾಗಿ ಹೆಣೆಯುವರು. ಘನಪಾಠವು ಇದಕ್ಕಿಂತಲೂ ಬಿಗಿಯಾದುದು. ಎಲ್ಲಿಯಾದರೂ ಒಂದು ಪದವು ಜಾರಿತೆಂದರೆ ಮುಂದಿನ ಹೆಣಿಗೆಯಲ್ಲಿ ಅದು ಬಯಲಾಗುವುದು. ಜೊತೆಯಲ್ಲಿ ಹೇಳುವವನು ತಕ್ಷಣವೇ ತಡೆಯುವನು. ಇದು ಕಡೆಯಲ್ಲಿ ನಡೆಯುವ ಪರೀಕ್ಷೆಯಲ್ಲ, ಕೆಲಸದೊಳಗೇ ಬೆರೆತ ಪರೀಕ್ಷೆ. ೧೯೭೬ರಲ್ಲಿ ಐ.ಬಿ.ಎಂ.ನ ಮೈಕೆಲ್ ಫೇಗನ್ ಎಂಬಾತನು, ಬರೆದ ವಿಧಿಗಳನ್ನು ಯಂತ್ರಕ್ಕೆ ಕೊಡುವ ಮುನ್ನವೇ ನಾಲ್ಕು ಜನ ಕುಳಿತು ಸಾಲು ಸಾಲಾಗಿ ಓದಿ ತಪ್ಪು ಹಿಡಿಯುವ ಕ್ರಮವನ್ನು ವಿವರಿಸಿ ಹೆಸರುವಾಸಿಯಾದನು. ತಪ್ಪು ತಡವಾಗಿ ಸಿಕ್ಕಿದಷ್ಟೂ ತಿದ್ದುವ ವೆಚ್ಚವು ಹೆಚ್ಚೆಂಬುದು ಅನುಭವಸಿದ್ಧ. ಅದು ನೂರು ಪಟ್ಟೆಂದು ಕೆಲವರು ಎಲ್ಲೆಲ್ಲಿಯೂ ಬರೆಯುವರು. ಆ ನೂರಕ್ಕೆ ಗಟ್ಟಿಯಾದ ಆಧಾರವನ್ನು ನಾವು ಕಾಣಲಿಲ್ಲ.

ಇನ್ನು ನಮ್ಮ ಊರಿನ ಕಥೆಗೆ ಬರುವೆವು. ಅಮೆರಿಕ ದೇಶದ ರಕ್ಷಣಾ ಇಲಾಖೆಯು ೧೯೮೪ರಲ್ಲಿ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗ್ ಸಂಸ್ಥೆಯೊಂದನ್ನು ಸ್ಥಾಪಿಸಿತು. ಇಲಾಖೆಗೆ ಬೇಕಾಗಿದ್ದುದು, ಗುತ್ತಿಗೆ ಕೇಳಿ ಬಂದವರಲ್ಲಿ ಯಾರು ಹೇಳಿದ ಕಾಲಕ್ಕೆ ಕೆಲಸವನ್ನು ಮುಗಿಸಬಲ್ಲರೆಂದು ತಿಳಿಯುವ ಒಂದು ಒರೆಗಲ್ಲು. ವಾಟ್ಸ್ ಹಂಫ್ರಿ ಎಂಬಾತನ ಮುಂದಾಳುತನದಲ್ಲಿ ಅಲ್ಲಿ ರೂಪುಗೊಂಡು ೧೯೯೧ರಲ್ಲಿ ಪ್ರಕಟವಾದ ಮಾದರಿಗೆ ಸಿ.ಎಂ.ಎಂ. ಎಂದು ಹೆಸರು. ಅದರಲ್ಲಿ ಐದು ಮೆಟ್ಟಿಲುಗಳು. ಅವುಗಳನ್ನು ಮದುವೆಯ ಅಡುಗೆಯ ತಂಡಕ್ಕೆ ಹೋಲಿಸಿ ಹೇಳಿದರೆ ಮನೆಯವರೆಲ್ಲರಿಗೂ ಸುಲಭವಾಗಿ ತಿಳಿಯುವುದು. ಮೊದಲ ಮೆಟ್ಟಿಲಿನ ತಂಡದಲ್ಲಿ ದೊಡ್ಡ ಭಟ್ಟರು ಬಂದರೆ ಸಾರು ಅಮೃತ, ಬಾರದಿದ್ದರೆ ದೇವರೇ ಗತಿ. ಎರಡನೆಯದರಲ್ಲಿ, ಹೋದ ಮದುವೆಗೆ ಎಷ್ಟು ಜನಕ್ಕೆ ಎಷ್ಟು ಬೇಳೆಯಾಯಿತೆಂದು ಬರೆದಿಟ್ಟುಕೊಂಡು ಈ ಮದುವೆಗೂ ಹಾಗೆಯೇ ನಡಸುವರು. ಮೂರನೆಯದರಲ್ಲಿ ತಂಡದವರೆಲ್ಲರೂ ಅನುಸರಿಸತಕ್ಕ ಒಂದೇ ಪದ್ಧತಿಯಿರುವುದು. ಯಾರು ಸೌಟು ಹಿಡಿದರೂ ರುಚಿಯಲ್ಲಿ ಹೆಚ್ಚು ಭೇದವಾಗದು. ನಾಲ್ಕನೆಯದರಲ್ಲಿ ಎಲ್ಲಕ್ಕೂ ಅಳತೆ. ಉಪ್ಪು ಇಷ್ಟು, ಬೆಂದ ಹೊತ್ತು ಇಷ್ಟು, ಎಲೆಯಲ್ಲಿ ಉಳಿದು ಹೋದದ್ದು ಇಷ್ಟು ಎಂದು ಲೆಕ್ಕವಿಟ್ಟು, ಮಾಮೂಲಿನ ಎಲ್ಲೆಯನ್ನು ಮೀರಿದೊಡನೆ ಕಾರಣವನ್ನು ಹುಡುಕುವರು. ಐದನೆಯದರಲ್ಲಿ ಆ ಲೆಕ್ಕವನ್ನೇ ನೋಡಿಕೊಂಡು ಪದ್ಧತಿಯನ್ನು ನಿರಂತರವಾಗಿ ತಿದ್ದುತ್ತ ಹೋಗುವರು. ನಾಲ್ಕನೆಯ ಮೆಟ್ಟಿಲಿನ ತತ್ತ್ವವು ಹೊಸದಲ್ಲ. ಅಮೆರಿಕದ ವಾಲ್ಟರ್ ಶೂಹಾರ್ಟ್ ೧೯೨೪ರಲ್ಲಿ ಕಾರ್ಖಾನೆಯ ಸರಕಿಗಾಗಿ ರಚಿಸಿದ ನಿಯಂತ್ರಣ ನಕ್ಷೆಯೇ ಅದರ ಮೂಲ. ಆತನು ೧೯೪೭-೪೮ರಲ್ಲಿ ಮಹಲನೋಬಿಸರ ಆಹ್ವಾನದ ಮೇಲೆ ಭಾರತಕ್ಕೂ ಬಂದಿದ್ದನು.

ಐದನೆಯ ಮೆಟ್ಟಿಲನ್ನು ಜಗತ್ತಿನಲ್ಲಿ ಮೊದಲು ಮುಟ್ಟಿದವರು ಹ್ಯೂಸ್ಟನ್ ನಗರದಲ್ಲಿ ಬಾಹ್ಯಾಕಾಶ ನೌಕೆಯ ಸಾಫ್ಟ್‌ವೇರ್ ಬರೆಯುತ್ತಿದ್ದ ಐ.ಬಿ.ಎಂ. ತಂಡದವರು. ಆ ಸಾಫ್ಟ್‌ವೇರಿನಲ್ಲಿ ಸುಮಾರು ೪,೨೦,೦೦೦ ಸಾಲುಗಳಿದ್ದು, ಅದರ ಕೊನೆಕೊನೆಯ ಮೂರು ಆವೃತ್ತಿಗಳಲ್ಲಿ ತಲಾ ಒಂದೊಂದೇ ದೋಷ ಸಿಕ್ಕಿದುದಾಗಿ ೧೯೯೬ರಲ್ಲಿ ವರದಿಯಾಯಿತು. ಎರಡನೆಯವರಾರು? ೧೯೯೩-೯೪ರ ಹೊತ್ತಿಗೆ ಆ ಮೆಟ್ಟಿಲನ್ನು ಮುಟ್ಟಿದವರೆಂದು ಜಗತ್ತೇ ಬೆರಗಾಗಿ ನೋಡಿದ್ದು, ಬೆಂಗಳೂರಿನ ಮೋಟರೋಲಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಹುಡುಗ ಹುಡುಗಿಯರನ್ನು. ಆ ಕೇಂದ್ರವು ಹುಟ್ಟಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದುವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯು ೧೯೮೫ರಲ್ಲಿ ಇಲ್ಲಿ ನೆಲೆಯೂರಿದ ಮೇಲೆ ವಿದೇಶೀ ಕಂಪೆನಿಗಳು ಒಂದೊಂದಾಗಿ ಬಂದಿದ್ದುವಾದರೂ, ಕಡಮೆ ಸಂಬಳಕ್ಕೆ ಜನ ಸಿಕ್ಕುವರೆಂಬುದೇ ಬಂದವರ ಮುಖ್ಯವಾದ ಲೆಕ್ಕವಾಗಿದ್ದಿತು. ಹಳೆಯ ಕೇಂದ್ರಗಳಿಗೆ ಹಳೆಯ ಚಾಳಿಗಳನ್ನು ಬಿಡಿಸುವ ಕಷ್ಟ. ಹೊಸದಾಗಿ ಕಟ್ಟಿದವರಿಗೆ ಮೊದಲ ದಿನದಿಂದಲೇ ಕ್ರಮವನ್ನು ರೂಢಿಸುವ ಅನುಕೂಲ. ಇದರ ಜೊತೆಗೆ ಇನ್ನೊಂದು ಕಾರಣವೂ ನಮಗೆ ತೋರುತ್ತದೆ. ಹತ್ತು ಸಾವಿರ ಮೈಲಿ ದೂರದ ಗಿರಾಕಿಯು ನಮ್ಮನ್ನು ಕಣ್ಣಾರೆ ನೋಡಿ ನಂಬುವಂತಿರಲಿಲ್ಲ. ಅವನಿಗೆ ತೋರಿಸಲು ಅವನದೇ ದೇಶದ ಅಳತೆಗೋಲು ಬೇಕಾಗಿದ್ದಿತು. ೧೯೯೮-೯೯ರಲ್ಲಿ ಬೆಂಗಳೂರಿನ ವಿಪ್ರೋ, ೧೯೯೯ರಲ್ಲಿ ಇನ್ಫೋಸಿಸ್ ಐದನೆಯ ಮೆಟ್ಟಿಲನ್ನೇರಿದುವು. ಇನ್ಫೋಸಿಸ್ಸಿನಲ್ಲಿ ಆ ಕ್ರಮವನ್ನು ನಡಸಿದ ಬಗೆಯನ್ನು, ಅಲ್ಲಿ ಗುಣ ವಿಭಾಗದ ಉಪಾಧ್ಯಕ್ಷರಾಗಿದ್ದ ಪಂಕಜ್ ಜಲೋಟೆಯವರು ಪುಸ್ತಕವನ್ನಾಗಿಯೇ ಬರೆದಿರುವರು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಐದನೆಯ ಮೆಟ್ಟಿಲಿನ ಕೇಂದ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿಯೇ ಇದ್ದುವು.

ಈ ವೃತ್ತಾಂತವನ್ನು ಅಭಿಮಾನದಿಂದ ನೆರೆಮನೆಯ ಹುಡುಗಿಗೆ ಹೇಳಿದೆವು. ಆಕೆಗೆ ನಮ್ಮಷ್ಟು ಉತ್ಸಾಹ ಬಂದಂತೆ ಕಾಣಲಿಲ್ಲ. "ಮೆಟ್ಟಿಲು ಹತ್ತಿದ್ದು ಕ್ರಮ ಮೇಷ್ಟ್ರೇ, ಸರಕಲ್ಲ" ಎಂದಳು. ಆಮೇಲೆ ತನ್ನ ಕಛೇರಿಯ ಸಂಗತಿಯನ್ನು ಹೇಳಿದಳು. ಅಲ್ಲಿ ಗೋಡೆಯ ಮೇಲೆ ಒಂದು ಪಟ್ಟಿಯಿದೆಯಂತೆ. ಯಾವ ಪರೀಕ್ಷಕರು ಈ ವಾರ ಎಷ್ಟು ದೋಷ ಹಿಡಿದರು, ಯಾವ ಬರಹಗಾರರ ಕೆಲಸದಲ್ಲಿ ಎಷ್ಟು ದೋಷ ಸಿಕ್ಕಿದುವು ಎಂದು. ವರ್ಷದ ಕೊನೆಯಲ್ಲಿ ಬಡ್ತಿಗೆ ಅದೇ ಆಧಾರ. ಇದರಿಂದಾದದ್ದೇನು? ಪರೀಕ್ಷಕರು ಒಂದು ಅಕ್ಷರದ ಬಣ್ಣವನ್ನೂ, ಒಂದು ಚುಕ್ಕೆಯ ಸ್ಥಾನವನ್ನೂ ಬೇರೆ ಬೇರೆ ದೋಷವೆಂದು ಬರೆಯತೊಡಗಿದರು. ಬರಹಗಾರರು ಅದು ದೋಷವಲ್ಲ, ಹಾಗೆಯೇ ಇರಬೇಕಾದದ್ದೆಂದು ವಾದಕ್ಕಿಳಿದರು. ಸ್ನೇಹವಿದ್ದಲ್ಲಿ ಮೆಲ್ಲಗೆ ಕಿವಿಯಲ್ಲಿ ಹೇಳಿ, ಲೆಕ್ಕಕ್ಕೆ ಬಾರದಂತೆ ತಿದ್ದಿಸಿಬಿಡುವುದೂ ಉಂಟಾಯಿತು. ತಿಂಗಳ ಕೊನೆಗೆ ಮೇಲಿನವರ ಕೈಸೇರುವ ಅಂಕೆಗಳು ಬಹು ಅಂದವಾಗಿದ್ದುವು. ಈಕೆಯಾದರೋ ಹಣದ ಲೆಕ್ಕದಲ್ಲಿ ಅಪರೂಪಕ್ಕೆ ತಲೆದೋರುವ ಒಂದು ತಪ್ಪಿನ ಬೆನ್ನುಹತ್ತಿ ಮೂರು ವಾರ ಕಳೆದು, ಕೊನೆಗೆ ಅದನ್ನು ಹಿಡಿದಳು. ಪಟ್ಟಿಯಲ್ಲಿ ಮೂರು ವಾರಕ್ಕೂ ಸೇರಿ ಆಕೆಯ ಹೆಸರಿನ ಮುಂದೆ ಬಿದ್ದದ್ದು ಒಂದು. ಆ ವರ್ಷ ಬಡ್ತಿ ತಪ್ಪಿತು.

ಇದನ್ನು ಕೇಳಿ ನಾವು ತಲೆ ತಗ್ಗಿಸಿದೆವು. ಏಕೆಂದರೆ ಇದೇ ಪಾಪವನ್ನು ನಾವೂ ಮಾಡಿದವರು. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶವು ನೂರಕ್ಕೆ ಇಷ್ಟಾಗಬೇಕೆಂದು ಮೇಲಿನಿಂದ ಅಪ್ಪಣೆಯಾದ ವರ್ಷ, ಸಂಸ್ಕೃತದ ಸೊಗಸನ್ನು ಹೇಳಿಕೊಡುವುದನ್ನು ಬಿಟ್ಟು, ಬರಬಹುದಾದ ಇಪ್ಪತ್ತು ಪ್ರಶ್ನೆಗಳ ಉತ್ತರವನ್ನು ಬಾಯಿಪಾಠ ಮಾಡಿಸಿದೆವು. ಒಬ್ಬರೂ ಅನುತ್ತೀರ್ಣರಾಗಲಿಲ್ಲ. ಅವರಲ್ಲಿ ಮುಂದೆ ಎಷ್ಟು ಜನ ಒಂದು ಶ್ಲೋಕವನ್ನು ತಾವಾಗಿಯೇ ಬಿಡಿಸಿ ಓದಿ ಸಂತೋಷಪಟ್ಟರೋ, ಅದನ್ನು ಯಾವ ಪಟ್ಟಿಯೂ ಕೇಳಲಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ಚಾರ್ಲ್ಸ್ ಗುಡ್‌ಹಾರ್ಟ್ ೧೯೭೫ರಲ್ಲಿ ಹಣದ ನೀತಿಯ ಪ್ರಸಂಗದಲ್ಲಿ, ಯಾವುದೊಂದು ಅಂಕೆಯನ್ನು ಹಿಡಿತಕ್ಕೆ ಕಡಿವಾಣವನ್ನಾಗಿ ಬಳಸಲು ಹೊರಟೊಡನೆ ಆ ಅಂಕೆಯ ಹಳೆಯ ನಡತೆಯು ಮುರಿದುಬೀಳುವುದೆಂದು ತೋರಿಸಿದನು. ಸಾಫ್ಟ್‌ವೇರ್ ಜನರು ಆ ಮಾತನ್ನು ಈಗಲೂ ಮೇಲಿಂದ ಮೇಲೆ ನೆನೆಯುತ್ತಾರೆ. ೨೦೦೧ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಹದಿನೇಳು ಜನ ಸೇರಿ, ಕಾಗದದ ಕ್ರಮಕ್ಕಿಂತ ಕೆಲಸ ಮಾಡುವ ಮನುಷ್ಯರೂ ನಡೆಯುವ ಸಾಫ್ಟ್‌ವೇರೂ ಮೇಲೆಂದು ಘೋಷಣೆ ಹೊರಡಿಸಿದುದಕ್ಕೂ ಇಂತಹ ಬೇಸರವೇ ಒಂದು ಕಾರಣ. ಈಗ ಹೆಚ್ಚಿನ ಕಂಪೆನಿಗಳಲ್ಲಿ ಆ ಹೊಸ ಪಂಥದ್ದೇ ಮಾತು. ಅದರಲ್ಲಿಯೂ ಅಂಕೆಗಳು ಬೇರೆ ಹೆಸರಿನಿಂದ ಬಂದು ಸೇರಿಕೊಂಡಿವೆಯೆಂದು ನೆರೆಮನೆಯ ಹುಡುಗಿಯ ವಾದ.

ಹಾಗೆಂದು ಕ್ರಮವೇ ಬೇಡವೆನ್ನುವ ಪಕ್ಷವನ್ನು ನಾವು ಸೇರಲಾರೆವು. ಅದಕ್ಕೆ ನಮ್ಮ ಪಕ್ಕದ ಪೀಣ್ಯದಲ್ಲಿಯೇ ನಿದರ್ಶನವಿದೆ. ಭಾರತದ ಮೊದಲ ಉಪಗ್ರಹವಾದ ಆರ್ಯಭಟವನ್ನು ಕಟ್ಟಿದುದು ಪೀಣ್ಯದ ತಗಡಿನ ಶೆಡ್ಡುಗಳಲ್ಲಿ. ಅದು ೧೯೭೫ರ ಏಪ್ರಿಲ್ ೧೯ರಂದು ಹಾರಿತು. ಇಂದು ಚಂದ್ರಯಾನಗಳನ್ನು ನಡಸುವ ಇಸ್ರೋ ಸಂಸ್ಥೆಯ ನಿಯಂತ್ರಣ ಕೇಂದ್ರವು ಅದೇ ಪ್ರದೇಶದಲ್ಲಿದೆ. ೨೦೧೯ರ ಸೆಪ್ಟೆಂಬರ್ ೭ರ ನಸುಕಿನಲ್ಲಿ ಚಂದ್ರಯಾನ-೨ರ ವಿಕ್ರಮ ನೌಕೆಯು ಚಂದ್ರನಿಗೆ ಇಳಿಯುವಾಗ ನಮ್ಮ ಬೀದಿಯವರೆಲ್ಲರೂ ಎಚ್ಚರವಿದ್ದು ನೋಡುತ್ತಿದ್ದರು. ಮೊದಲ ಘಟ್ಟದಲ್ಲಿ ಸೆಕೆಂಡಿಗೆ ೧,೬೮೩ ಮೀಟರಿದ್ದ ವೇಗವು ೧೪೬ ಮೀಟರಿಗೆ ಸರಿಯಾಗಿಯೇ ಇಳಿಯಿತು. ಎರಡನೆಯ ಘಟ್ಟದಲ್ಲಿ ಲೆಕ್ಕ ತಪ್ಪಿ ನೌಕೆಯು ನೆಲಕ್ಕಪ್ಪಳಿಸಿತು. ಆಗಿದ್ದುದೇನೆಂಬುದನ್ನು ಸಂಸ್ಥೆಯ ಅಧ್ಯಕ್ಷರಾಗಿದ್ದ ಸೋಮನಾಥರು ೨೦೨೩ರ ಜುಲೈ ತಿಂಗಳಲ್ಲಿ ಬಿಚ್ಚಿ ಹೇಳಿದರು. ಐದು ಎಂಜಿನುಗಳು ಎಣಿಸಿದುದಕ್ಕಿಂತ ಹೆಚ್ಚು ಬಲವನ್ನು ಕೊಟ್ಟುವು. ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋದುವು. ಅವುಗಳನ್ನು ಸರಿಪಡಿಸಲು ನೌಕೆಯು ಬಹಳ ಬೇಗ ತಿರುಗಬೇಕಾಯಿತು. ಅಷ್ಟು ಬೇಗ ತಿರುಗದಂತೆ ಸಾಫ್ಟ್‌ವೇರಿನಲ್ಲಿ ಮಿತಿಯಿದ್ದಿತು. ಇಳಿಯತಕ್ಕ ಜಾಗವೋ ಐನೂರು ಮೀಟರ್ ಚೌಕ ಮಾತ್ರ. ಸಾಫ್ಟ್‌ವೇರು ಹೇಳಿದಂತೆಯೇ ನಡೆಯಿತೆಂಬುದನ್ನು ವಾಚಕರು ಗಮನಿಸಬೇಕು. ೧೯೯೬ರ ಜೂನ್ ೪ರಂದು ಯೂರೋಪಿನ ಆರಿಯಾನ್-೫ ರಾಕೆಟ್ಟು ಹಾರಿದ ಸುಮಾರು ನಲವತ್ತು ಸೆಕೆಂಡಿನಲ್ಲಿ ಸಿಡಿದುದಕ್ಕೂ ಇಂತಹುದೇ ಕಾರಣ. ನಿಧಾನವಾದ ಆರಿಯಾನ್-೪ರಲ್ಲಿ ನಿರ್ದುಷ್ಟವಾಗಿ ನಡೆದಿದ್ದ ಸಾಫ್ಟ್‌ವೇರನ್ನು ಹೆಚ್ಚು ವೇಗದ ರಾಕೆಟ್ಟಿಗೆ ಹಾಗೆಯೇ ತೊಡಿಸಿದ್ದರು. ಒಂದು ದೊಡ್ಡ ಸಂಖ್ಯೆಯು ಅದಕ್ಕಿಟ್ಟಿದ್ದ ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸದೆ ಹೋಯಿತು.

ಚಂದ್ರಯಾನ-೩ನ್ನು ಕಟ್ಟುವಾಗ ಇಸ್ರೋದವರು ಪ್ರಶ್ನೆಯನ್ನೇ ತಿರುಗಿಸಿದರು. ಎಲ್ಲವೂ ಸರಿಯಾಗಿದ್ದರೆ ಹೇಗಿಳಿಯಬೇಕೆಂದು ಕೇಳುವ ಬದಲು, ಏನೇನು ಕೆಡಬಹುದು, ಕೆಟ್ಟರೂ ಹ್ಯಾಗೆ ಇಳಿಯಬೇಕೆಂದು ಕೇಳಿಕೊಂಡರು. ಎಂಜಿನು ಕೆಟ್ಟರೆ, ಅಳೆಯುವ ಉಪಕರಣವು ಸುಳ್ಳು ಹೇಳಿದರೆ, ಲೆಕ್ಕವೇ ತಪ್ಪಿದರೆ ಎಂದು ಒಂದೊಂದನ್ನೂ ಕಲ್ಪಿಸಿ ಪರೀಕ್ಷಿಸಿದರು. ಐನೂರು ಮೀಟರ್ ಚೌಕವಿದ್ದ ಜಾಗವನ್ನು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು, ಮಧ್ಯದ ಎಂಜಿನನ್ನು ತೆಗೆದರು, ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ಸಾಫ್ಟ್‌ವೇರನ್ನು ಬದಲಾಯಿಸಿದರು. ೨೦೨೩ರ ಆಗಸ್ಟ್ ೨೩ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ನೌಕೆಯು ಹೂವಿಳಿದಂತೆ ಇಳಿಯಿತು. ನಮ್ಮ ಬೀದಿಯಲ್ಲಿ ಆ ಸಂಜೆ ಹಚ್ಚಿದ ಪಟಾಕಿಯ ಸದ್ದು ದೀಪಾವಳಿಗೆ ಕಡಮೆಯಿರಲಿಲ್ಲ.

ನೆರೆಮನೆಯ ಹುಡುಗಿಗೆ ನಾವು ಇದನ್ನು ಹೇಳಿದ ದಿನ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನಿಮ್ಮ ಹಳೇ ಹಾಜರಿ ಪುಸ್ತಕದ ಹೆಸರುಗಳು ನೆನಪಿದೆಯಾ?" ಎಂದು ಕೇಳಿದಳು. ತಮ್ಮ ಕಂಪೆನಿಯ ಸಾಫ್ಟ್‌ವೇರಿನಲ್ಲಿಯೂ ಹೆಸರು ಬರೆಯುವ ಪುಟವೊಂದಿದೆಯೆಂದೂ, ಅದನ್ನು ಇದುವರೆಗೆ ಪರದೇಶದ ಹೆಸರುಗಳಿಂದಲೇ ಪರೀಕ್ಷಿಸುತ್ತಿದ್ದೆವೆಂದೂ ಹೇಳಿದಳು. ಆ ಭಾನುವಾರ ಜಗಲಿಯ ಮೇಲೆ ಕುಳಿತು ನಾವು ಹೇಳುತ್ತ ಹೋದೆವು, ಆಕೆ ಬರೆಯುತ್ತ ಹೋದಳು. ಒಂದೇ ಪದದ ಹೆಸರು. ಮುಂದೆ ಎರಡು ಅಕ್ಷರಗಳುಳ್ಳ ಹೆಸರು, ಮೂರು ಅಕ್ಷರಗಳುಳ್ಳ ಹೆಸರು. ಊರು ಮುಂದಿರುವುದು, ಮನೆತನ ಹಿಂದಿರುವುದು. ತಂದೆಯ ಹೆಸರಿನ ಸ್ಥಳದಲ್ಲಿ ತಾಯಿಯ ಹೆಸರಿರುವುದು. ಒಂದೇ ತರಗತಿಯಲ್ಲಿ ಒಂದೇ ಅಕ್ಷರದ ಮೂವರು ಮಂಜುನಾಥರು. ಒಟ್ಟು ಅರವತ್ತೆರಡು ಬಗೆಯಾದುವು.

ನಮ್ಮ ವಿಶ್ರಾಂತಿವೇತನವು ಏಳನೆಯ ತಿಂಗಳಿನಲ್ಲಿ, ಗುಮಾಸ್ತರೊಬ್ಬರು ದಯೆಯಿಟ್ಟು ಎರಡು ದಾಖಲೆಗಳನ್ನೂ ಕೈಯಿಂದಲೇ ತಿದ್ದಿದ ಮೇಲೆ, ಬರತೊಡಗಿತು. ಹುಡುಗಿಯು ಮರುವಾರ ಬಂದು, ಅರವತ್ತೆರಡರಲ್ಲಿ ಹತ್ತೊಂಬತ್ತನ್ನು ತಮ್ಮ ಯಂತ್ರವು ಒಪ್ಪಲಿಲ್ಲವೆಂದು ತಿಳಿಸಿದಳು. ಗೋಡೆಯ ಪಟ್ಟಿಯಲ್ಲಿ ಹತ್ತೊಂಬತ್ತು ಬಿದ್ದಿತೇ ಎಂದು ನಾವು ಆಸೆಯಿಂದ ಕೇಳಿದೆವು. ಮೂಲಕಾರಣವು ಒಂದೇ ಆದ್ದರಿಂದ ಒಂದೆಂದೇ ಬರೆದರಂತೆ. "ಅದು ಸರಿಯೇ ಮೇಷ್ಟ್ರೇ" ಎಂದು ಹೇಳಿ, ನಮ್ಮ ಮನೆಯವರು ಕೊಟ್ಟ ಕಾಫಿಯನ್ನು ಕುಡಿದು ಬಸ್ಸಿಗೆ ಹೊರಟಳು.